ಹದಿನೈದನೆಯ ಕೋಲು

ಚಳ್ಳಕೆರೆಯಲ್ಲಿ ನನ್ನನ್ನು ಒಳ್ಳೆಯ ಅಣ್ಣ ಎಂದು ತಿಳಿದವರು ಬಹಳ ಜನ ಇದ್ದಾರೆ. ನಾನು ಆಟದ ಮೇಷ್ಟ್ರಾಗಿರುವ ಶಾಲೆಗೆ ಮಕ್ಕಳನ್ನು ಬಿಡಲು ಬರುವ ಅಪ್ಪಂದಿರಲ್ಲಿ ಯಾರಾದರೊಬ್ಬರು ಆಗಾಗ ಗೇಟಿನ ಹತ್ತಿರ ನಿಲ್ಲಿಸಿ, "ಅಣ್ಣ ಅಂದ್ರೆ ನಿಮ್ ಥರ ಇರ್ಬೇಕು ನೋಡ್ರಿ ಸಾರ್. ತಂಗಿಗೋಸ್ಕರ ನಿಮ್ಮ ಆಟನೇ ಬಿಟ್ಟುಬಿಟ್ರಿ" ಎನ್ನುತ್ತಾರೆ. ನಾನು ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದೂ ಇಲ್ಲ. ಸೀಟಿ ಊದಿಕೊಂಡು ಮೈದಾನದ ಕಡೆ ಹೋಗಿಬಿಡುತ್ತೇನೆ.

ನಡೆದದ್ದನ್ನು ಬರೆಯಬೇಕು ಅನ್ನಿಸಿದಾಗ ಮೊದಲು ತಂಗಿಗೆ ಫೋನು ಮಾಡಿ ಕೇಳಿದೆ. "ಬರಿ. ಆದ್ರೆ ನಿನ್ನ ಒಳ್ಳೇವ್ನನ್ನ ಮಾಡ್ಕೊಂಡು ಬರೀಬ್ಯಾಡ" ಎಂದಳು.

ನಾವಿಬ್ಬರೂ ಗಾಲ್ಫ್ ಕಲಿತದ್ದು ಹುಲ್ಲೇ ಇಲ್ಲದ ನೆಲದಲ್ಲಿ. ಸೈನ್ಯದಿಂದ ನಿವೃತ್ತರಾದ ಒಬ್ಬ ಮೇಜರ್ ಸಾಹೇಬರು ತಳಕಿನ ಆಚೆ ಒಂದಿಷ್ಟು ಕೆಂಪು ಮಸಾರಿ ನೆಲ ಕೊಂಡು ಮನೆ ಕಟ್ಟಿಸಿದ್ದರು. ಅಪ್ಪ ಅಲ್ಲಿ ಕಾವಲಿಗಿದ್ದ. ಸಾಹೇಬರಿಗೆ ಗಾಲ್ಫ್ ಬಿಟ್ಟರೆ ಬೇರೆ ಚಟವಿರಲಿಲ್ಲ. ಆ ನೆಲದಲ್ಲೇ ಆರು ಕಡೆ ಗುಂಡಿ ತೋಡಿಸಿ, ಪ್ರತಿಯೊಂದು ಗುಂಡಿಯ ಸುತ್ತ ಒಂದು ಅಂಗಳದಷ್ಟು ಜಾಗಕ್ಕೆ ಮರಳು ಹಾಕಿಸಿದ್ದರು. ಗಾಳಿಗೆ ಮರಳು ಹಾರಬಾರದು ಎಂದು ಅದಕ್ಕೆ ಎಣ್ಣೆ ಬೆರೆಸಬೇಕು. ಚಳ್ಳಕೆರೆಯ ಬಳ್ಳಾರಿ ರಸ್ತೆಯ ಲಾರಿ ಗ್ಯಾರೇಜುಗಳಿಂದ ಸುಟ್ಟ ಆಯಿಲನ್ನು ಕ್ಯಾನಿನಲ್ಲಿ ತುಂಬಿಸಿ, ಬಸ್ಸಿನ ಕಂಡಕ್ಟರನ ಕೈಲಿ ಬೈಸಿಕೊಂಡು ತರುವ ಕೆಲಸ ನನ್ನದು. ಊರಿನವರು ನಮ್ಮ ಆಟಕ್ಕೆ ಕೋಲಾಟ ಎಂದೇ ಹೆಸರಿಟ್ಟಿದ್ದರು. "ಏನ್ ಸಾಹೇಬ್ರೆ, ಇವತ್ತು ಕೋಲಾಟ ಇಲ್ವ್ರಾ?" ಎಂದು ಕುರಿ ಹೊಡೆದುಕೊಂಡು ಹೋಗುವವರು ಕೂಗಿದರೆ ಸಾಹೇಬರು ಟೋಪಿ ಎತ್ತಿ ನಗುತ್ತಿದ್ದರು.

ಕೋಲಿನಿಂದ ಚೆಂಡನ್ನು ಹೊಡೆದು ಗುಂಡಿಗೆ ಬೀಳಿಸಬೇಕು, ಕಡಿಮೆ ಹೊಡೆತದಲ್ಲಿ ಬೀಳಿಸಿದವರು ಗೆದ್ದ ಹಾಗೆ; ಅದನ್ನು ಅವರೇ ನಮಗೆ ಕಲಿಸಿದರು. ನನಗೆ ಹದಿನಾಲ್ಕು, ತಂಗಿಗೆ ಎಂಟು. ನನಗೆ ಅವರ ಹಳೆಯ ಕೋಲುಗಳನ್ನು ಕೊಟ್ಟರು, ಅವಳಿಗೆ ಒಂದೆರಡನ್ನು ಗರಗಸದಿಂದ ಮೊಟಕು ಮಾಡಿಸಿ ಕೊಟ್ಟರು. ಮೊದಲ ಹೊಡೆತ ಹೊಡೆಯುವ ಜಾಗಕ್ಕೆ ಟೀ ಎನ್ನುತ್ತಾರೆ. ನಮ್ಮಲ್ಲಿ ಟೀ ಎಂದರೆ ಸುಣ್ಣ ಬಳಿದ ಎರಡು ಇಟ್ಟಿಗೆ. ಸಾಹೇಬರು, ನಾನು, ತಂಗಿ, ಮೂವರೂ ಆ ಎರಡು ಇಟ್ಟಿಗೆಗಳ ನಡುವೆ ನಿಂತೇ ಹೊಡೆಯುತ್ತಿದ್ದೆವು. ಉದ್ದನೆಯ ಹೊಡೆತ ಅಭ್ಯಾಸ ಮಾಡಬೇಕಾದರೆ ಸಾಹೇಬರ ಜೀಪಿನಲ್ಲಿ ದನ ಮೇಯುವ ವರವು ಕಾವಲಿನ ಬಯಲಿಗೆ ಹೋಗುತ್ತಿದ್ದೆವು. ಆಗ ಅಲ್ಲಿನ್ನೂ ಸರ್ಕಾರಿ ಸಂಸ್ಥೆಗಳ ಗೋಡೆ ಎದ್ದಿರಲಿಲ್ಲ.

ಒಂದು ಮಧ್ಯಾಹ್ನ, ಅವಳಿಗೆ ಹನ್ನೊಂದೋ ಹನ್ನೆರಡೋ ಇರಬೇಕು, ನನ್ನ ಹೊಡೆತವನ್ನು ತಿದ್ದಿ ತಿದ್ದಿ ಸುಸ್ತಾದ ಸಾಹೇಬರು ನೀರು ಕುಡಿಯುತ್ತ ಕೂತರು. ತಂಗಿ ಅಷ್ಟು ದೂರದಲ್ಲಿ ತನ್ನ ಪಾಡಿಗೆ ಹೊಡೆಯುತ್ತಿದ್ದಳು. ಅವಳ ಕಡೆ ನೋಡುತ್ತಲೇ ಅವರು ನನಗೆ ಹೇಳಿದರು: "ನಿನಗೆ ಹೇಳಿಕೊಡೋದು ಇನ್ನೂ ಬೇಕಾದಷ್ಟಿದೆ ಮಗನೇ. ಅವಳಿಗೆ ನಾನೇನೂ ಹೇಳದೆ ಇರೋದೇ ಒಳ್ಳೇದು."

ನನ್ನನ್ನು ನೋಯಿಸಲು ಹೇಳಿದ ಮಾತಲ್ಲ ಅದು. ಆದರೆ ಅವತ್ತು ಸಂಜೆ ಅವ್ವ ತಟ್ಟೆಗೆ ಹಾಕಿದ ಮುದ್ದೆಯನ್ನು ಮುರಿಯದೆ ಹಾಗೇ ಬಿಟ್ಟೆ. ಎದುರಿಗೆ ಕೂತು ಗಬಗಬ ತಿನ್ನುತ್ತಿದ್ದ ತಂಗಿಯನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಗೆ ಏನು ಹೆಸರು ಎಂದು ನನಗೆ ಗೊತ್ತಿತ್ತು. ಆರು ವರ್ಷ ಚಿಕ್ಕವಳ ಮೇಲೆ, ಅದೂ ಹೆಣ್ಣುಮಗಳ ಮೇಲೆ ಅಂಥದ್ದು ಬರಬಾರದು ಎಂದೂ ಗೊತ್ತಿತ್ತು.

ಹತ್ತೊಂಬತ್ತಕ್ಕೆ ನಾನು ಬೆಂಗಳೂರಿಗೆ ಹೋಗಿ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿಯಾದೆ. ಕ್ಯಾಡಿ ಎಂದರೆ ಆಟಗಾರರ ಕೋಲುಗಳ ಚೀಲ ಹೊರುವವನು. ಹೊರುವುದಷ್ಟೇ ಅಲ್ಲ, ದೂರ ಅಳೆದು ಹೇಳಬೇಕು, ಗಾಳಿ ನೋಡಬೇಕು, ಯಾವ ಕೋಲು ಎಂದು ಕೇಳಿದರೆ ಎಡವದೆ ಉತ್ತರ ಕೊಡಬೇಕು. ನಾಲ್ಕು ವರ್ಷ ಹೊತ್ತು, ಬಿಡುವಿನಲ್ಲಿ ಆಡಿ, ಕೊನೆಗೆ ಪರೀಕ್ಷೆಯ ಪಂದ್ಯಗಳಲ್ಲಿ ಗೆದ್ದು ವೃತ್ತಿಪರ ಆಟಗಾರನಾದೆ. ಹೇಳಿಕೊಳ್ಳುವಂಥ ಆಟಗಾರನಲ್ಲ. ದೊಡ್ಡ ಪಂದ್ಯಗಳಲ್ಲಿ ಎರಡು ದಿನದ ಆಟ ಮುಗಿದಾಗ ಹಿಂದೆ ಬಿದ್ದವರನ್ನೆಲ್ಲ ಮನೆಗೆ ಕಳಿಸಿ, ಮುಂದಿರುವವರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಅದಕ್ಕೆ ಕಟ್ ಎನ್ನುತ್ತಾರೆ. ನಾನು ಒಂದು ಸಲ ಉಳಿದರೆ ಮೂರು ಸಲ ಮನೆಗೆ ಹೋಗುತ್ತಿದ್ದವನು.

ತಂಗಿಯನ್ನು ಬೆಂಗಳೂರಿಗೆ ಕರೆಸಿಕೊಂಡವನೂ ನಾನೇ. ಸಾಹೇಬರು ಮಗಳ ಮನೆಗೆ ಹೋಗಿಬಿಟ್ಟಿದ್ದರು, ಅವರ ನೆಲದ ಮೇಲೆ ಸೋಲಾರ್ ಫಲಕಗಳು ಬಂದಿದ್ದವು. ಅವಳಿಗೆ ಊರಲ್ಲಿ ಆಡಲು ಜಾಗವೇ ಇರಲಿಲ್ಲ. ಕ್ಲಬ್ಬಿನಲ್ಲಿ ಮೊದಲ ದಿನ ಅವಳನ್ನು ಹೆಂಗಸರ ಕೆಂಪು ಟೀಗೆ ಕರೆದುಕೊಂಡು ಹೋದೆ. ಗಂಡಸರ ಟೀಗಿಂತ ಅದು ಬಹಳ ಮುಂದೆ ಇರುತ್ತದೆ. ಅವಳು ಹಿಂದೆ ತಿರುಗಿ ನೋಡಿದಳು, ಮುಂದೆ ನೋಡಿದಳು.

"ಅಣ್ಣ, ನನ್ನ ಯಾಕೆ ಇಷ್ಟು ಮುಂದೆ ನಿಲ್ಸಿದಾರೆ?"

"ಹೆಂಗಸ್ರು ಇಲ್ಲಿಂದಲೇ ಆಡೋದು."

"ಹಂಗಾದ್ರೆ ನಾನು ಇಷ್ಟು ದಿನ ಆಡಿದ್ದು ಏನು?"

ಅವಳಿಗೆ ನಿಜವಾಗಿ ಬೇಜಾರಾಗಿತ್ತು. ನನಗೆ ಒಳಗೊಳಗೆ ಸಮಾಧಾನವಾಯಿತು. ಇನ್ನು ಮೇಲೆ ಅವಳ ಲೆಕ್ಕ ಬೇರೆ, ನನ್ನ ಲೆಕ್ಕ ಬೇರೆ. ಯಾರೂ ನಮ್ಮಿಬ್ಬರನ್ನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಅವಳು ಎರಡೇ ವರ್ಷದಲ್ಲಿ ಹೆಂಗಸರ ವೃತ್ತಿಪರ ಪಂದ್ಯಗಳಲ್ಲಿ ಗೆಲ್ಲತೊಡಗಿದಳು. ಪತ್ರಿಕೆಯಲ್ಲಿ ಫೋಟೋ ಬಂತು. ಅವ್ವ ಅದನ್ನು ಕತ್ತರಿಸಿ ದೇವರ ಪಟದ ಪಕ್ಕ ಸಿಕ್ಕಿಸಿದಳು. ಯಾರಾದರೂ ತಂಗಿಯ ಅಂಕ ಹೇಳಿ ಹೊಗಳಿದರೆ ನಾನು, "ಕೆಂಪು ಟೀಯಿಂದ ಅಲ್ವಾ" ಎಂದು ಸೇರಿಸುತ್ತಿದ್ದೆ. ಅಷ್ಟು ಮೆಲ್ಲಗೆ, ಅಷ್ಟು ನಗುನಗುತ್ತಾ ಹೇಳುತ್ತಿದ್ದೆನೆಂದರೆ ಕೇಳಿದವರಿಗೆ ಅದು ವಿವರಣೆಯಂತೆ ಕಾಣುತ್ತಿತ್ತು.

ಆದರೆ ನನಗೇ ಒಂದು ಹುಳ ಕೊರೆಯುತ್ತಿತ್ತು. ಕ್ಲಬ್ಬಿಗೆ ರಜೆಯಿದ್ದ ಒಂದು ಸೋಮವಾರ ಬೆಳಿಗ್ಗೆ, ಹಿಂದಿನ ವಾರ ಅವಳು ಅಲ್ಲೇ ಗೆದ್ದ ಪಂದ್ಯದ ಅಂಕಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಒಬ್ಬನೇ ಹೋದೆ. ಅತ್ತಿತ್ತ ನೋಡಿ ಕೆಂಪು ಟೀಯಲ್ಲಿ ನಿಂತೆ. ಪೊದೆಯ ಹತ್ತಿರ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತಿದಳು.

"ಸಾರ್, ಅದು ಲೇಡೀಸ್ ಟೀ. ನಿಮ್ದು ಹಿಂದೆ ಐತೆ."

"ಗೊತ್ತಮ್ಮ. ಏನೋ ನೋಡ್ತಿದ್ದೆ."

ಒಂಬತ್ತು ಗುಂಡಿ ಆಡಿದೆ. ಎಲ್ಲವನ್ನೂ ಕೆಂಪು ಟೀಯಿಂದಲೇ. ಆಡಿ ಮುಗಿಸಿ ಬೆಂಚಿನ ಮೇಲೆ ಕೂತು ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಅದೇ ಒಂಬತ್ತು ಗುಂಡಿಗೆ ಅವಳಿಗಿಂತ ಎರಡು ಹೊಡೆತ ಹೆಚ್ಚು ತೆಗೆದುಕೊಂಡಿದ್ದೆ. ಆ ಹೆಂಗಸು ಅಷ್ಟೊತ್ತಿಗೆ ಕಳೆ ಕೀಳುತ್ತಾ ಅಲ್ಲಿಗೇ ಬಂದಿದ್ದಳು. "ಗೆದ್ರಾ ಸಾರ್?" ಎಂದು ಕೇಳಿದಳು. ಯಾರೂ ಇಲ್ಲದ ಮೈದಾನದಲ್ಲಿ ಯಾರ ಮೇಲೆ ಗೆಲ್ಲುತ್ತೀರಿ ಎಂದು ತಮಾಷೆಗೆ ಕೇಳಿದ್ದಿರಬೇಕು. ಪಟ್ಟಿ ಮಡಚಿ ಜೇಬಿಗೆ ಹಾಕಿಕೊಂಡು ಎದ್ದುಬಂದೆ. ಕೆಂಪು ಟೀಯ ಮಾತನ್ನು ಆ ಮೇಲೂ ಆಡುವುದನ್ನು ಬಿಡಲಿಲ್ಲ.

ಮೂರು ವರ್ಷದ ಹಿಂದೆ ಬೆಂಗಳೂರಿನ ಹೊರಗಿನ ಒಂದು ಮೈದಾನದಲ್ಲಿ ನಡೆಯುವ ಗಂಡಸರ ದೊಡ್ಡ ಪಂದ್ಯಕ್ಕೆ ಅವಳಿಗೆ ಆಹ್ವಾನ ಬಂತು. ಪಂದ್ಯ ನಡೆಸುವವರು ತಮಗೆ ಇಷ್ಟ ಬಂದ ಕೆಲವರನ್ನು ಹೀಗೆ ನೇರವಾಗಿ ಕರೆಯಬಹುದು. ಆ ಸಲ ಒಬ್ಬ ಹೆಂಗಸನ್ನು ಕರೆಯೋಣ ಎಂದುಕೊಂಡರು. ಕೆಂಪು ಟೀ ಇಲ್ಲ; ಗಂಡಸರು ಎಲ್ಲಿಂದ ಹೊಡೆಯುತ್ತಾರೋ ಅಲ್ಲಿಂದಲೇ. ನನಗೆ ಆಹ್ವಾನವಿಲ್ಲ. ನಾನು ನನ್ನಂಥ ನೂರಾರು ಜನರ ಜೊತೆ ಒಂದು ದಿನದ ಅರ್ಹತಾ ಪಂದ್ಯ ಆಡಿ ಕೆಲವೇ ಜಾಗಗಳಿಗೆ ಹೊಡೆದಾಡಬೇಕು.

ಸುದ್ದಿ ಬಂದಾಗ ಇಬ್ಬರೂ ಚಳ್ಳಕೆರೆಯಲ್ಲಿದ್ದೆವು. ಅಪ್ಪನಿಗೆ ವಯಸ್ಸಾಗಿ ಅಲ್ಲೇ ಒಂದು ಬಾಡಿಗೆ ಮನೆ ಮಾಡಿದ್ದೆವು. ಅವ್ವ ಪಡಸಾಲೆಯಲ್ಲಿ ಕೂತು ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದಳು. ತಂಗಿ ಫೋನು ಹಿಡಿದುಕೊಂಡು ಮನೆಯೆಲ್ಲ ಓಡಾಡುತ್ತಿದ್ದಳು.

"ಗಂಡಸ್ರ ಜತೀಗೆ ಆಡೋಕೆ ಕರೆದಾರಂತೆ ಅವ್ವ!"

"ಮೊದ್ಲಿಂದ್ಲೂ ನೀನು ಗಂಡಸ್ರ ಜತೀಗೆ ಆಡಿದ್ದಲ್ವೇನೆ? ಇದೇನ್ ಹೊಸಾದು" ಎಂದಳು ಅವ್ವ, ಸುಲಿಯುವುದನ್ನು ನಿಲ್ಲಿಸದೆ.

ನನಗೆ ಸುಮ್ಮನಿರಲು ಆಗಲಿಲ್ಲ. "ನಾಳೆ ನಾವು ಗಂಡಸ್ರು ಹೆಂಗಸ್ರ ಪಂದ್ಯಕ್ಕೆ ಬಂದು ಆಡ್ತೀವಿ ಅಂದ್ರೆ ಬಿಡ್ತಾರಾ?" ಎಂದೆ.

ತಂಗಿ ಓಡಾಟ ನಿಲ್ಲಿಸಿ ನನ್ನನ್ನು ನೋಡಿದಳು. "ಬಾರಣ್ಣ, ಆಡು. ಕೆಂಪು ಟೀ ನಿಂಗೇ ಬಿಟ್ಕೊಡ್ತೀನಿ. ನಾನು ಹಿಂದಿಂದ ಹೊಡೀತೀನಿ."

ಅವ್ವ ಜೋರಾಗಿ ನಕ್ಕಳು. ಆ ಸೋಮವಾರದ ವಿಷಯ ತಂಗಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಆದರೂ ನನ್ನ ಮುಖಕ್ಕೆ ರಕ್ತ ನುಗ್ಗಿತು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ, ಎಣ್ಣೆ ಮಿಲ್ಲುಗಳ ಬೀದಿಯಲ್ಲಿ ಒಂದು ಗಂಟೆ ಸುಮ್ಮನೆ ತಿರುಗಾಡಿದೆ.

ಅರ್ಹತಾ ಪಂದ್ಯದಲ್ಲಿ ನಾನು ಒಂದೇ ಒಂದು ಹೊಡೆತದಿಂದ ಜಾಗ ಕಳೆದುಕೊಂಡೆ. ಕೊನೆಯ ಗುಂಡಿಯಲ್ಲಿ ಮೂರು ಹೆಜ್ಜೆ ದೂರದ ಚೆಂಡು. ಬಿದ್ದಿದ್ದರೆ ನಾನೂ ಒಳಗೆ. ಚೆಂಡು ಗುಂಡಿಯ ಅಂಚು ಸವರಿಕೊಂಡು ಆಚೆ ಹೋಯಿತು. ಸಂಜೆ ತಂಗಿ ಫೋನು ಮಾಡಿದಳು. ವಿಷಯ ಅವಳಿಗೆ ಆಗಲೇ ಗೊತ್ತಾಗಿತ್ತು, ಅದರ ಬಗ್ಗೆ ಒಂದೂ ಮಾತಾಡಲಿಲ್ಲ.

"ಅಣ್ಣ, ನನ್ನ ಚೀಲ ನೀನೇ ಹೊರ್ತೀಯಾ? ಬೇರೆ ಯಾರೂ ಬ್ಯಾಡ ನಂಗೆ."

ಪ್ರೀತಿಯಿಂದಲೇ ಕೇಳಿದಳು. ನನಗೆ ಅದು ಗಾಯದ ಮೇಲೆ ಉಪ್ಪು ಹಾಕಿದಂತೆ ಆಯಿತು. ಆದರೂ ಹ್ಞೂಂ ಎಂದೆ. ಇಲ್ಲ ಎಂದಿದ್ದರೆ ಯಾಕೆ ಎಂದು ಎಲ್ಲರಿಗೂ ತಿಳಿಯುತ್ತಿತ್ತು.

ಪಂದ್ಯದ ಹಿಂದಿನ ಸಂಜೆ ಅವಳ ಅಭ್ಯಾಸ ಮುಗಿದು ಅವಳು ಕೋಣೆಗೆ ಹೋದ ಮೇಲೆ, ನಾನು ಜೊತೆಗೆ ತಂದಿದ್ದ ನನ್ನದೇ ಒಂದು ಕೋಲಿನಲ್ಲಿ ಒಂದು ಬುಟ್ಟಿ ಚೆಂಡು ಹೊಡೆದೆ. ಉದ್ದನೆಯ ಹೊಡೆತದ ಕೋಲು ಅದು, ತುದಿಗೆ ಅವ್ವ ಹೊಲಿದುಕೊಟ್ಟ ಬಟ್ಟೆಯ ಗವಸು. ಹೊಡೆದು ಮುಗಿಸಿ ಅದನ್ನು ಅವಳ ಚೀಲಕ್ಕೇ ಸಿಕ್ಕಿಸಿ ಬೀಗ ಹಾಕಿಟ್ಟೆ. ಬೆಳಿಗ್ಗೆ ತೆಗೆದರಾಯಿತು ಎಂದುಕೊಂಡೆ. ಇಷ್ಟರಲ್ಲಿ ಯಾವ ಕಪಟವೂ ಇರಲಿಲ್ಲ.

ಗಾಲ್ಫಿನಲ್ಲಿ ಒಬ್ಬರ ಚೀಲದಲ್ಲಿ ಹದಿನಾಲ್ಕು ಕೋಲಿಗಿಂತ ಹೆಚ್ಚು ಇರಬಾರದು. ಹೆಚ್ಚಿದ್ದರೆ ಆಡಿದ ಪ್ರತಿ ಗುಂಡಿಗೂ ಎರಡು ಹೊಡೆತದ ದಂಡ, ದಿನಕ್ಕೆ ಹೆಚ್ಚೆಂದರೆ ನಾಲ್ಕು. ಅದಕ್ಕೇ ಬೆಳಿಗ್ಗೆ ಎದ್ದು ಕೋಲು ಎಣಿಸುವುದು ಕ್ಯಾಡಿಯ ಮೊದಲ ಕೆಲಸ.

ಬೆಳಿಗ್ಗೆ ಚೀಲ ಹೊತ್ತು ಮೊದಲ ಟೀಯ ಕಡೆ ಹೋಗುವಾಗ ಪರಿಚಯದ ಆಟಗಾರನೊಬ್ಬ ಎದುರಾದ. ಅರ್ಹತಾ ಪಂದ್ಯದಲ್ಲಿ ನನಗಿಂತ ಒಂದು ಹೊಡೆತ ಕಡಿಮೆ ಆಡಿ ಜಾಗ ಹಿಡಿದವನು ಅವನೇ. ಚೀಲದ ಮೇಲೆ ಕೈಯಾಡಿಸಿ, "ಲೇ, ನಿನ್ನ ಜಾಗದಾಗೆ ನಿನ್ನ ತಂಗಿ ಆಡ್ತಾಳೆ. ಜಾಗ ಮನೇಲೇ ಉಳೀತಲ್ಲ, ಬಿಡು" ಎಂದ. ಜೊತೆಗಿದ್ದವರು ನಕ್ಕರು. ಆಹ್ವಾನದ ಜಾಗ ಬೇರೆ, ಅರ್ಹತೆಯ ಜಾಗ ಬೇರೆ. ಅವಳು ಬರದಿದ್ದರೂ ನಾನು ಒಳಗೆ ಬರುತ್ತಿರಲಿಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತು. ಆದರೆ ಆ ಮಾತು ನನ್ನೊಳಗೆ ಇಳಿದು, ಅದೇ ನಿಜ ಎಂಬಂತೆ ಕೂತುಬಿಟ್ಟಿತು.

ಒಂದು ಮರದ ಕೆಳಗೆ ಚೀಲ ಇಳಿಸಿ ಎಣಿಸಿದೆ. ಹದಿನಾಲ್ಕಾಯಿತು, ಇನ್ನೊಂದು ಉಳಿಯಿತು. ಅವ್ವ ಹೊಲಿದ ಗವಸು ಕಣ್ಣಿಗೆ ರಾಚುವಂತೆ ಮೇಲೇ ಇತ್ತು. ತೆಗೆದು ಪಕ್ಕಕ್ಕಿಡಲು ಕೈ ಹಾಕಿದೆ. ಹಾಕಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಅದನ್ನು ಇನ್ನಷ್ಟು ಕೆಳಕ್ಕೆ ತಳ್ಳಿ, ಮೇಲೆ ಟವೆಲು ಹೊದಿಸಿದೆ.

ಮೊದಲ ಟೀಯ ಸುತ್ತ ಜನವೋ ಜನ. ಕ್ಯಾಮೆರಾಗಳು. ಪಂದ್ಯ ಶುರು ಮಾಡಿಸುವ ಹಿರಿಯರೊಬ್ಬರು ಪದ್ಧತಿಯಂತೆ, "ಕೋಲು ಎಣಿಸಿಕೊಂಡಿದ್ದೀರಾ?" ಎಂದು ಕೇಳಿದರು. ತಂಗಿ ನನ್ನ ಕಡೆ ತಿರುಗಿದಳು.

"ಎಣಿಸಿದೀಯಾ ಅಣ್ಣ?"

"ಎಣಿಸಿದೀನಿ" ಎಂದೆ.

ಸುಳ್ಳು ಹೇಳಲಿಲ್ಲ ಎಂದು ಆ ಗಳಿಗೆಯಲ್ಲೂ ನನಗೆ ನಾನೇ ಹೇಳಿಕೊಂಡದ್ದು ನೆನಪಿದೆ.

ಅವಳ ಮೊದಲ ಹೊಡೆತ ಗುಂಡಿಯ ಕಡೆ ಹೋಗುವ ಹುಲ್ಲುಹಾದಿಯ ನಟ್ಟನಡುವೆ ಬಿತ್ತು. ಜೊತೆಗಿದ್ದ ಇಬ್ಬರು ಗಂಡಸರಲ್ಲಿ ಒಬ್ಬನ ಚೆಂಡು ಪೊದೆಗೆ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಮೊದಲ ಗುಂಡಿ ಮುಗಿಯಿತು, ಎರಡನೆಯದೂ ಮುಗಿಯಿತು. ಹೇಳಲೇ, ಬೇಡವೇ ಎಂದು ಹೆಜ್ಜೆಹೆಜ್ಜೆಗೂ ಅನ್ನಿಸುತ್ತಿತ್ತು ಎಂದು ಬರೆಯಬಹುದು. ಆದರೆ ಹಾಗೇನೂ ಆಗಲಿಲ್ಲ. ನಾನು ದೂರ ಅಳೆದು ಹೇಳುತ್ತಿದ್ದೆ, ಗಾಳಿ ನೋಡುತ್ತಿದ್ದೆ, ಎಂದಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದೆ.

ಅಲ್ಲಿಯತನಕ ಕೋಲು ತೆಗೆದುಕೊಟ್ಟವನು ನಾನು; ಮೂರನೆಯ ಟೀಯಲ್ಲಿ ಅವಳು ತಾನೇ ಟವೆಲು ಸರಿಸಿ ಚೀಲಕ್ಕೆ ಕೈ ಹಾಕಿದಳು. ಗವಸು ಕೈಗೆ ಸಿಕ್ಕಿತು. ಮೇಲಕ್ಕೆಳೆದು ನೋಡಿದಳು.

"ಅಣ್ಣ, ಇದು ನಿಂದಲ್ವಾ?"

ನಾನು ಹಣೆ ಚಚ್ಚಿಕೊಂಡೆ. "ಅಯ್ಯೋ, ನಿನ್ನೆ ಸಂಜೆ..." ಎಂದೆ. ಎಷ್ಟು ಚೆನ್ನಾಗಿ ನಟಿಸಿದೆನೆಂದರೆ ಜೊತೆಗಿದ್ದ ಆಟಗಾರ ನನ್ನ ಬೆನ್ನು ಸವರಿ ಸಮಾಧಾನ ಹೇಳಿದ. ತಂಗಿ ಕೈ ಎತ್ತಿ ತೀರ್ಪುಗಾರರನ್ನು ಕರೆದಳು. ಅವರು ಬಂದು ಎಣಿಸಿ, ಎರಡು ಗುಂಡಿಗೆ ನಾಲ್ಕು ಹೊಡೆತದ ದಂಡ ಬರೆದುಕೊಂಡರು.

ಆ ಮೇಲೆ ಅವಳು ಆಡಿದ ಆಟವನ್ನು ನಾನು ಹತ್ತಿರದಿಂದ ನೋಡಿದವನು. ಎರಡು ದಿನ, ನನಗಿಂತ ಎಷ್ಟೋ ಮೇಲಿನ ಗಂಡಸರ ನಡುವೆ, ಅವರು ನಿಂತ ಜಾಗದಿಂದಲೇ. ತನ್ನ ಹೊಡೆತದ ಉದ್ದ ಸಾಲದ ಕಡೆ ಲೆಕ್ಕಾಚಾರದಿಂದ ಆಡಿದಳು, ಗುಂಡಿಯ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡು ಹೊಡೆದರೂ ಬೀಳುತ್ತದೆ ಅನ್ನುವಂತೆ ಆಡಿದಳು. ಎರಡನೆಯ ದಿನದ ಕೊನೆಗೆ ಅವಳು ಕಟ್‌ನಿಂದ ಹೊರಗೆ ಬಿದ್ದದ್ದು ಎರಡೇ ಹೊಡೆತದಿಂದ. ದಂಡದ ನಾಲ್ಕನ್ನು ಕಳೆದರೆ ಅವಳು ಆರಾಮವಾಗಿ ಒಳಗಿದ್ದಳು.

ಪತ್ರಿಕೆಯವರು ಕ್ಯಾಡಿಯ ಮರೆವಿನ ಬಗ್ಗೆ ಕೇಳಿದರು. "ಕೋಲು ಎಣಿಸೋದು ಆಡೋರ ಜವಾಬ್ದಾರಿ. ತಪ್ಪು ನಂದು" ಎಂದಳು. ಕಾರಿನಲ್ಲಿ ಊರಿಗೆ ಬರುವಾಗ ಹಿರಿಯೂರಿನತನಕ ನಿದ್ದೆ ಮಾಡಿದಳು. ಅಲ್ಲಿ ಎದ್ದು ಕಾಫಿ ಕುಡಿದು, "ಅಣ್ಣ, ನೀನೇನೂ ಮನಸ್ಸಿಗೆ ಹಚ್ಕೋಬ್ಯಾಡ" ಎಂದು ಮತ್ತೆ ಮಲಗಿದಳು.

ಅವ್ವನ ತವರು ಮೊಳಕಾಲ್ಮುರು. ನಮ್ಮ ಸೋದರಮಾವ ಅಲ್ಲಿ ರೇಷ್ಮೆ ಸೀರೆ ನೇಯುತ್ತಾನೆ. ಗಂಡಸರ ಪಂದ್ಯದಲ್ಲಿ ಆಡಿ ಬಂದ ಮೊಮ್ಮಗಳಿಗೆ ಸನ್ಮಾನ ಮಾಡಬೇಕು ಎಂದು ಆ ಬೀದಿಯವರೆಲ್ಲ ಸೇರಿ ಶಾಲೆಯ ಅಂಗಳದಲ್ಲಿ ಪೆಂಡಾಲ್ ಹಾಕಿಸಿದರು. ಮಾವ ತಾನೇ ನೇಯ್ದ ಸೀರೆಯನ್ನು ಅವಳಿಗೆ ಹೊದಿಸಿದ. ಅಜ್ಜಿ ಅವಳ ಕೆನ್ನೆ ಹಿಡಿದು "ನಾ ಬಂಗಾರು, ನಾ ಬಂಗಾರು" ಎಂದು ತೆಲುಗಿನಲ್ಲಿ ಮುದ್ದಿಸುತ್ತ ಬಿಡಲೇ ಒಲ್ಲಳು. ನನ್ನನ್ನೂ ವೇದಿಕೆಗೆ ಕರೆದು ಶಾಲು ಹಾಕಿ, "ತಂಗಿಯ ಚೀಲ ಹೊತ್ತ ಅಣ್ಣ" ಎಂದು ಮೈಕಿನಲ್ಲಿ ಹೇಳಿದರು. ಫೋಟೋ ತೆಗೆಯುವವನು ಚೀಲ ಹೆಗಲಿಗೇರಿಸಿಕೊಂಡು ನಿಲ್ಲಿ ಎಂದ. ನಿಂತೆ. ಆಗಲೂ, ಅಷ್ಟೆಲ್ಲ ಮಾಡಿದ ಮೇಲೂ, ಅವಳ ಹೆಗಲ ಮೇಲಿನ ಆ ಸೀರೆಯನ್ನು ನೋಡಿದರೆ ಹೊಟ್ಟೆಯಲ್ಲಿ ಕಿಚ್ಚು ಏಳುತ್ತಿತ್ತು.

ತಂಗಿಗೆ ಮಾತಾಡಲು ಹೇಳಿದರು. ಅವಳಿಗೆ ಭಾಷಣ ಬರುವುದಿಲ್ಲ. "ನಮ್ಮಣ್ಣ ನಂಗೆ ಆಟ ಕಲ್ಸಿದ. ಅವತ್ತು ಆಗಿದ್ದು ನನ್ನ ತಪ್ಪು, ಅವನಿಗೆ ಯಾರೂ ಏನೂ ಅನ್ಬಾರ್ದು" ಎಂದಷ್ಟೇ ಹೇಳಿ ಕೂತಳು. ಜನ ನನ್ನ ಕಡೆ ನೋಡಿ ಚಪ್ಪಾಳೆ ತಟ್ಟಿದರು.

ಊಟದ ಹೊತ್ತಿಗೆ ಎಲ್ಲರೂ ಪೆಂಡಾಲಿನಲ್ಲಿದ್ದರು. ತಂಗಿ ಸೀರೆ ಮಡಚಿಡಲು ಮಾವನ ಮನೆಗೆ ಬಂದಳು, ನಾನು ಹಿಂದೆಯೇ ಬಂದೆ. ಮಗ್ಗದ ಕೋಣೆಯಲ್ಲಿ ನಾವಿಬ್ಬರೇ. ಅವಳು ಮಗ್ಗದ ಪಕ್ಕದ ಹಲಗೆಯ ಮೇಲೆ ಕೂತು ಅರ್ಧ ನೇಯ್ದ ಸೆರಗನ್ನು ನೋಡುತ್ತಿದ್ದಳು.

"ನಾನು ಎಣಿಸಿದ್ದೆ" ಎಂದೆ.

"ಏನು?"

"ಅವತ್ತು ಬೆಳಿಗ್ಗೆ. ಹದಿನೈದು ಇದ್ವು. ನಂಗೆ ಗೊತ್ತಿತ್ತು."

ತಮಾಷೆ ಎಂದುಕೊಂಡು ನಗಲು ಹೋದಳು. ನನ್ನ ಮುಖ ನೋಡಿ ನಿಲ್ಲಿಸಿದಳು.

"ಯಾವಾಗ ಗೊತ್ತಾತು?"

"ಮೊದಲ್ನೇ ಹೊಡೆತಕ್ಕೂ ಮುಂಚೆ."

"ಎಣಿಸಿದೀನಿ ಅಂದಿ ನಂಗೆ."

"ಹ್ಞೂಂ."

"ಯಾಕಣ್ಣ?"

"ಹೊಟ್ಟೆಕಿಚ್ಚು" ಎಂದೆ. ಆ ಪದವನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದರೆ ಹಗುರವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ.

ಅವಳು ಮಗ್ಗದ ಹಗ್ಗವನ್ನು ಹಿಡಿದುಕೊಂಡಳು. "ನಾನು ಒಳಗೆ ಬಂದಿದ್ರೆ ನಿಂಗೇನು ಕಮ್ಮಿ ಆಗ್ತಿತ್ತು?" ಎಂದು ಕೇಳಿದಳು. ಬೈದಂತೆ ಕೇಳಲಿಲ್ಲ, ಗೊತ್ತಿಲ್ಲದ್ದನ್ನು ತಿಳಿಯಲು ಕೇಳಿದಳು. ಅವಳು ಎದ್ದು, ಅಂಗಳಕ್ಕೆ ಹೋಗಿ, ಆಗಷ್ಟೇ ಬಂದ ಮಾವನನ್ನು ಕೇಳುವುದು ಕೇಳಿಸಿತು: "ಮಾವ, ಬೆಂಗ್ಳೂರಿಗೆ ಬಸ್ಸು ಎಷ್ಟೊತ್ತಿಗೈತೆ?"

ಮಧ್ಯಾಹ್ನದ ಬಸ್ಸಿಗೇ ಹೋದಳು. ಚೀಲವನ್ನು ತಾನೇ ಹೊತ್ತುಕೊಂಡು.

ಆಮೇಲೆ ಸುಮಾರು ಎರಡು ವರ್ಷ ನನ್ನ ಜೊತೆ ಮಾತಿಲ್ಲ. ಅವ್ವನಿಗೆ ವಾರಕ್ಕೆರಡು ಸಲ ಫೋನು ಮಾಡುತ್ತಿದ್ದಳು. "ಏನಾತ್ರೋ ನಿಮ್ಮಿಬ್ರಿಗೆ? ನಿನ್ನ ಮಾತೆತ್ತಿದ್ರೆ ಫೋನ್ ಇಡ್ತಾಳೆ" ಎಂದು ಅವ್ವ ಕೇಳಿದಾಗಲೆಲ್ಲ ನಾನು ಏನೋ ಒಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅವಳು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಆ ಮೈದಾನಗಳಲ್ಲಿ ಯಾರೂ ನನ್ನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಸೇರಿಸಿದರೂ ಪ್ರಯೋಜನವಿರಲಿಲ್ಲ, ನನ್ನ ಕೈಯೇ ಓಡದಾಯಿತು. ಮೂರು ಹೆಜ್ಜೆಯ ಚೆಂಡೂ ಬೀಳುತ್ತಿರಲಿಲ್ಲ. ಆಟ ಬಿಟ್ಟು ಚಳ್ಳಕೆರೆಗೆ ಬಂದು ಶಾಲೆಯ ಕೆಲಸ ಹಿಡಿದೆ. ಮಕ್ಕಳಿಗೆ ಕಬಡ್ಡಿ, ಕೊಕ್ಕೊ ಆಡಿಸುತ್ತೇನೆ.

ಮರುವರ್ಷ ಅದೇ ಪಂದ್ಯಕ್ಕೆ ಅವಳನ್ನು ಮತ್ತೆ ಕರೆದರು. ಈ ಸಲ ಚೀಲ ಹೊತ್ತವಳು ಅವಳ ಜೊತೆ ಆಡುವ ಒಬ್ಬ ಗೆಳತಿ. ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಫೋನಿನಲ್ಲಿ ಅಂಕ ನೋಡುತ್ತಿದ್ದೆ. ಅವಳು ಕೆಟ್ಟದಾಗಿ ಆಡಿದಳು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕಟ್‌ನಿಂದ ಬಹಳ ದೂರ ಉಳಿದಿದ್ದಳು. ಅದನ್ನು ಕಂಡಾಗ ನನಗೆ ಮೊದಲು ಬಂದದ್ದು ಸಂತೋಷ. ಮುಖ್ಯೋಪಾಧ್ಯಾಯರು ಎದುರಿಗೆ ಕೂತು ಚಹಾ ಕುಡಿಯುತ್ತಿದ್ದರು. "ಏನ್ ಸಾರ್, ತಂಗಿ ಗೆಲ್ತಿದಾರಾ? ಮುಖ ಅರಳಿದೆ" ಎಂದರು. ಎದ್ದು ಹೋಗಿ ನಲ್ಲಿಯ ಹತ್ತಿರ ಮುಖ ತೊಳೆದುಕೊಂಡೆ. ಎಷ್ಟು ನೀರು ಹಾಕಿಕೊಂಡರೂ ಆ ಅರಳಿದ ಮುಖ ಹೋಗುವುದಿಲ್ಲವೇನೋ ಅನ್ನಿಸಿತು.

ಮೂರನೆಯ ಆಹ್ವಾನ ಬರಲಿಲ್ಲ. ಬರುವುದೂ ಇಲ್ಲವೇನೋ. ಗಂಡಸರ ನಡುವೆ ಕಟ್ ಒಳಗೆ ಉಳಿದು ನಾಲ್ಕೂ ದಿನ ಆಡುವ ಅವಕಾಶ ಅವಳಿಗೆ ಒಂದೇ ಸಲ ಕೈಗೆಟುಕಿತ್ತು. ಆ ಸಲ ಚೀಲ ಹೊತ್ತವನು ನಾನು.

ಕಳೆದ ಚಳಿಗಾಲದಲ್ಲಿ ಮಾವನ ಮಗಳ ಮದುವೆಗೆ ಅವಳು ಬಂದಳು. ಮೊಳಕಾಲ್ಮುರಿನ ಮದುವೆ ಮನೆಯಲ್ಲಿ ಎದುರಾದಾಗ, ನಡುವೆ ಏನೂ ಆಗಿಲ್ಲ ಎಂಬಂತೆ "ಊಟ ಆತೇನಣ್ಣ?" ಎಂದು ಕೇಳಿದಳು. ಆತು ಎಂದೆ. ಆಗಿರಲಿಲ್ಲ.

ಮದುವೆ ಮುಗಿಸಿ ಅವಳು ನಾಲ್ಕು ದಿನ ಚಳ್ಳಕೆರೆಯಲ್ಲಿ ಉಳಿದಳು. ಮೂರನೆಯ ಸಂಜೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಎರಡು ತಿಂಗ್ಳಿಂದ ಹೊಡೆತ ಎಡಕ್ಕೆ ಹೋಗ್ತೈತೆ. ಯಾರಿಗೂ ಗೊತ್ತಾಗವಲ್ದು. ಬಂದು ನೋಡ್ತೀಯಾ?" ಎಂದಳು.

ಊರಾಚೆ ಶೇಂಗಾ ಕಿತ್ತ ಹೊಲವೊಂದಿತ್ತು. ಅಲ್ಲಿಗೆ ಹೋದೆವು. ಅವಳು ಹೊಡೆದಳು. ಚೆಂಡು ಹೋಗಿ ಹೋಗಿ ಕೊನೆಗೆ ಎಡಕ್ಕೆ ಬಾಗಿ ಬೇಲಿಯ ಕಡೆ ಬಿತ್ತು. ನನಗೆ ಆ ಒಂದೇ ಹೊಡೆತಕ್ಕೆ ಗೊತ್ತಾಯಿತು. ಕೋಲು ಮೇಲೆ ಹೋದಾಗ ಬಲ ಮೊಣಕಾಲು ಒಂದು ಬೆರಳಿನಷ್ಟು ಜಾರುತ್ತಿತ್ತು. ಎಂಟು ವರ್ಷದವಳಿದ್ದಾಗಿನಿಂದ ಆ ಮೈಯ ತಿರುವು ನೋಡಿದವನಿಗೆ ಬಿಟ್ಟರೆ ಬೇರೆಯವರಿಗೆ ಕಾಣುವಂಥದ್ದಲ್ಲ.

ಇನ್ನೊಂದು ಹೊಡೆದಳು. ಮತ್ತೊಂದು. ನಾನು ಕೈಕಟ್ಟಿಕೊಂಡು ನಿಂತಿದ್ದೆ. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ನನಗೂ ಕಾಣಲಿಲ್ಲ ಎಂದರೆ ಮುಗಿಯಿತು.

"ಏನಾದ್ರೂ ಕಾಣ್ತಾ?"

ಅವಳು ಇನ್ನೂ ಎರಡು ಚೆಂಡು ಹೊಡೆಯುವತನಕ ನಾನು ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದೆ. "ಬಲಗಾಲು ಜಾರ್ತೈತೆ ನೋಡು. ಹಿಮ್ಮಡಿ ಊರಿ ನಿಲ್ಲು."

ಅವಳು ಕಾಲು ಸರಿಮಾಡಿಕೊಂಡಳು. ಮೊದಲ ಚೆಂಡು ಹಾಗೇ ಹೋಯಿತು, ಎರಡನೆಯದೂ. ಮೂರನೆಯದು ನೆಟ್ಟಗೆ ಹೋಗಿ ಹೊಲದ ಆಚೆ ಬದುವಿನ ಹತ್ತಿರ ಮಣ್ಣೆಬ್ಬಿಸಿತು. ಅವಳು ಕೋಲು ಊರಿ ಅದನ್ನೇ ನೋಡುತ್ತ ನಿಂತಳು. ನನ್ನ ಕಡೆ ತಿರುಗದೆ ಕೇಳಿದಳು:

"ಮೊದಲ್ನೇ ಹೊಡೆತಕ್ಕೇ ಗೊತ್ತಾಗಿತ್ತು ಅಲ್ವಾ?"

"ಹ್ಞೂಂ."

"ಈ ಸಲ ಬೇಗ ಹೇಳ್ದೆ ಬಿಡು" ಎಂದಳು.

ಬೆಳಕು ಇರುವತನಕ ಹೊಡೆದಳು. ನಾನು ಹೊಲದ ತುದಿಯಲ್ಲಿ ಚೆಂಡು ಆಯ್ದು ಬುಟ್ಟಿಗೆ ಹಾಕುತ್ತಿದ್ದೆ. ಒಂದಕ್ಕಿಂತ ಒಂದು ಚೆನ್ನಾಗಿ ಬೀಳುತ್ತಿದ್ದವು. ಪ್ರತಿಯೊಂದನ್ನು ಎತ್ತಿಕೊಳ್ಳುವಾಗಲೂ ಹೊಟ್ಟೆ ಉರಿಯುತ್ತಲೇ ಇತ್ತು.